ಕೀಬೋರ್ಡಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ

ಬೆಂಗಳೂರಿನಲ್ಲಿ ಕಂಪ್ಯೂಟರ್ ಕಲಿಯೋಕೆ ಮೊದಲು ಬೇಕಾಗಿರೋದು ಒಂದು ಒಳ್ಳೆ ಪೆನ್ಸಿಲ್. ಆಮೇಲೆ ಸ್ಕೇಲು, ರಬ್ಬರು, ಉತ್ತರಕ್ಕೆ ನೀಲಿ ಪೆನ್ನು, ಹೆಡ್ಡಿಂಗಿಗೆ ಕಪ್ಪು ಪೆನ್ನು. ಜೊತೆಗೆ ಒಂದು ಪುಟ ಗೆರೆ, ಎದುರಿನ ಪುಟ ಖಾಲಿ ಇರುವ ರೆಕಾರ್ಡ್ ಪುಸ್ತಕ. ಅದಕ್ಕೆ ಬ್ರೌನ್ ಪೇಪರಿನ ಬೈಂಡು, ಮೇಲೊಂದು ಲೇಬಲ್ಲು. ಕಂಪ್ಯೂಟರ್ ಕೊನೆಗೆ ಬರುತ್ತದೆ, ಅದೂ ಕರೆಂಟ್ ಇದ್ದರೆ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಮುಂದಿನ ಬಸ್ಸಿನ ನಂಬರ್ ಪ್ಲೇಟ್ ಬಾಯಿಪಾಠ ಮಾಡುವ ಬದಲು, ಟ್ರಾಫಿಕ್ ಇಳಿಯೋವರೆಗೆ ಏನಾದರೂ ಕಲಿಯೋಣ ಅಂತ ನಾನೊಂದು ಸಂಜೆ ಕಾಲೇಜು ಸೇರಿದೆ. ಕೋರ್ಸಿನ ಹೆಸರು ‘ಕಂಪ್ಯೂಟರ್ ಕೀಬೋರ್ಡಿಂಗ್ ಮತ್ತು ಡಾಕ್ಯುಮೆಂಟ್ ಪ್ರೊಸೆಸಿಂಗ್’. ಅರ್ಜಿಯ ತಲೆ ಮೇಲೆ ದಪ್ಪಕ್ಷರದ ಸೂಚನೆ: ‘ಅಭ್ಯರ್ಥಿಯು ಸ್ವಹಸ್ತಾಕ್ಷರದಲ್ಲಿಯೇ ಭರ್ತಿ ಮಾಡತಕ್ಕದ್ದು. ಟೈಪ್ ಮಾಡಿದ ಅರ್ಜಿಗಳನ್ನು ತಿರಸ್ಕರಿಸಲಾಗುವುದು.’ ನ್ಯಾಯವಾದ ಮಾತೇ. ಟೈಪ್ ಮಾಡೋಕೆ ಬರುವವರು ಈ ಕೋರ್ಸಿಗೆ ಯಾಕೆ ಬರ್ತಾರೆ?

ಲ್ಯಾಬಿನ ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಅನ್ನುವ ಬೋರ್ಡು. ಕಂಪ್ಯೂಟರಿಗೆ ಧೂಳು ಆಗಿಬರಲ್ಲ ಅಂದುಕೊಂಡ ಕಾಲದ್ದು. ಧೂಳು ಈಗ ಒಳಗೇ ಇದೆ, ಚಪ್ಪಲಿ ಮಾತ್ರ ಹೊರಗೆ. ಮಾನಿಟರುಗಳಿಗೆ ಹೂವಿನ ಡಿಸೈನಿನ ಬಟ್ಟೆ ಹೊದಿಸಿದ್ದಾರೆ. ಕೀಬೋರ್ಡುಗಳಿಗೆ ಪ್ಲಾಸ್ಟಿಕ್ ಕವರು. ಅದನ್ನು ತೆಗೆಯುವಂತಿಲ್ಲ, ಮೇಲಿಂದಲೇ ಒತ್ತಬೇಕು. ಎಫ್ ಮತ್ತು ಜೆ ಕೀಗಳ ಮೇಲೆ ಒಂದೊಂದು ಸಣ್ಣ ಉಬ್ಬು ಇರುತ್ತದಲ್ಲ, ಕೆಳಗೆ ನೋಡದೇನೇ ತೋರುಬೆರಳು ಸರಿಯಾದ ಜಾಗಕ್ಕೆ ಹೋಗಿ ಕೂರಲಿ ಅಂತ? ಆ ಉಬ್ಬು ಕವರಿನಡಿ ಬೆರಳಿಗೆ ಸಿಗೋದೇ ಇಲ್ಲ. ಹಾಗಾಗಿ ಕೀಬೋರ್ಡ್ ನೋಡದೆ ಟೈಪ್ ಮಾಡೋದು ಹೇಗೆ ಅನ್ನುವ ಪಾಠವನ್ನು ನಾವೆಲ್ಲ ಕೀಬೋರ್ಡ್ ನೋಡಿಕೊಂಡೇ ಕಲಿತೆವು.

ಕಲಿತೆವು ಅಂದರೆ ಆಮೇಲೆ. ಮೊದಲ ಪ್ರಯೋಗದಲ್ಲಿ ಟೈಪಿಂಗ್ ಇರಲಿಲ್ಲ. ‘ಕೀಬೋರ್ಡಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.’ ಹತ್ತನೇ ಕ್ಲಾಸಿನಲ್ಲಿ ಹೃದಯದ ನೀಳಛೇದ ನೋಟ ಬರೆದು ಪಾಸಾದ ಜನ ನಾವು, ಇದೇನು ಹೊಸದಲ್ಲ. ಆದರೆ ಹೃದಯಕ್ಕೆ ಇರೋದು ನಾಲ್ಕು ಕೋಣೆ. ಕೀಬೋರ್ಡಿಗೆ 104 ಕೀ. ಪ್ರತಿಯೊಂದಕ್ಕೂ ಸ್ಕೇಲು ಹಿಡಿದು ಚೌಕ ಎಳೆಯಬೇಕು. ಯಾವ ಬೆರಳು ಯಾವ ಕೀಗೆ ಅಂತ ಬಣ್ಣ ತುಂಬಬೇಕು.

ನನ್ನ ಪಕ್ಕ ಬಿಕಾಂ ಓದುವ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳ ಕೀಬೋರ್ಡಿನ ಚಿತ್ರಕ್ಕೆ ಫ್ರೇಮ್ ಹಾಕಿಸಬಹುದು, ಅಷ್ಟು ಚೆನ್ನಾಗಿತ್ತು. ಸ್ಪೇಸ್ ಬಾರಿಗೆ ನೆರಳು ಬೇರೆ ಕೊಟ್ಟಿದ್ದಳು. ಲ್ಯಾಬಿನ ಕಂಪ್ಯೂಟರ್ ಆನ್ ಆಗಿ ವಿಂಡೋಸ್ ಕಣ್ಣು ಬಿಡುವಷ್ಟರಲ್ಲಿ ಅವಳು ಎರಡೇ ಹೆಬ್ಬೆರಳಲ್ಲಿ ಫೋನಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ಮೆಸೇಜು, ಗೆಳತಿಗೆ ಇಂಗ್ಲಿಷಿನಲ್ಲಿ ಜಗಳ, ಆಟೋದವನಿಗೆ ಹಿಂದಿಯಲ್ಲಿ ದಾರಿ, ಮೂರನ್ನೂ ಮುಗಿಸುತ್ತಿದ್ದಳು. ಆ ಸ್ಪೀಡಿಗೆ ಅಂಕ ಇಲ್ಲ. ಸಿಲಬಸ್ಸಿನ ಪ್ರಕಾರ ಹೆಬ್ಬೆರಳಿಗೆ ಇರೋದು ಸ್ಪೇಸ್ ಬಾರ್ ಒಂದೇ.

ಪಾಠ ಹೇಳುವ ಮೇಡಂ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅವರು ಅತಿಥಿ ಉಪನ್ಯಾಸಕಿ. ತಮ್ಮ ಸಂಬಳದ ಫೈಲು ಈಗ ಯಾವ ಮೇಜಿನ ಮೇಲೆ ಮಲಗಿದೆ ಅಂತ ಹುಡುಕೋದೇ ಅವರಿಗೆ ದೊಡ್ಡ ಡಾಕ್ಯುಮೆಂಟ್ ಪ್ರೊಸೆಸಿಂಗು.

ತಮಾಷೆ ಶುರುವಾಗೋದು ಪಠ್ಯಪುಸ್ತಕದಿಂದ. ಪುಸ್ತಕ ಬರೆದವರು ವರ್ಡ್ 2003 ನೋಡಿ ಬರೆದಿದ್ದಾರೆ. ಅದರಲ್ಲಿ ಮೇಲೆ ಸಾಲಾಗಿ ಫೈಲ್, ಎಡಿಟ್, ವ್ಯೂ ಅಂತ ಮೆನುಗಳಿದ್ದವು. ಲ್ಯಾಬಿನಲ್ಲಿರೋದು ವರ್ಡ್ 2007. ಆ ಒಂದು ವರ್ಷನ್ನಿನಲ್ಲಿ ಮಾತ್ರ ಮೈಕ್ರೋಸಾಫ್ಟಿನವರು ಫೈಲ್ ಮೆನು ತೆಗೆದು ಮೂಲೆಯಲ್ಲಿ ಒಂದು ದುಂಡನೆಯ ಬಟನ್ ಇಟ್ಟಿದ್ದರು. ಜನ ಹುಡುಕಿ ಸುಸ್ತಾದರು. 2010ರಲ್ಲಿ ಫೈಲ್ ವಾಪಸ್ ಬಂತು. ಆದರೆ ನಮ್ಮ ಲ್ಯಾಬಿಗೆ 2010 ಇನ್ನೂ ಬಂದಿಲ್ಲ. ಹಾಗಾಗಿ ‘ಫೈಲ್ ಮೆನುವಿಗೆ ಹೋಗಿ’ ಅಂತ ಪುಸ್ತಕದಲ್ಲಿ ಓದಿ, ಇಲ್ಲದ ಮೆನುವಿಗೆ ಹೋದಂತೆ ರೆಕಾರ್ಡಿನಲ್ಲಿ ಬರೆದು, ದುಂಡು ಬಟನ್ ಒತ್ತಿ ಕೆಲಸ ಮುಗಿಸಬೇಕು. ಮೂರನ್ನೂ ಒಟ್ಟಿಗೆ ನಿಭಾಯಿಸುವವರು ಮುಂದೆ ಯಾವ ಕಚೇರಿಯಲ್ಲಿ ಬೇಕಾದರೂ ಬದುಕುತ್ತಾರೆ ಬಿಡಿ.

ಥಿಯರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ‘ದಾಖಲೆಯನ್ನು ಸೇವ್ ಮಾಡುವ ಹಂತಗಳನ್ನು ವಿವರಿಸಿ. 5 ಅಂಕ.’ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿ ಅಂತ ಬರೆದವರಿಗೆ ಒಂದು ಅಂಕ. ಮೌಸ್ ಹಿಡಿಯಿರಿ, ಬಾಣದ ಗುರುತನ್ನು ಮೇಲಕ್ಕೆ ಒಯ್ಯಿರಿ, ಮೆನು ತೆರೆಯಿರಿ ಅಂತ ಪುಟ ತುಂಬಿಸಿದವರಿಗೆ ಪೂರ್ತಿ ಐದು. ಎರಡು ಬೆರಳಲ್ಲಿ ಮುಗಿಯೋ ಕೆಲಸವನ್ನು ಯಾರು ಎಷ್ಟು ಮೇಜು ಸುತ್ತಿಸುತ್ತಾರೋ ಅವರಿಗೆ ಅಷ್ಟು ಮಾರ್ಕ್ಸು. ಇದು ಉದ್ಯೋಗಕ್ಕೆ ತಯಾರು ಮಾಡುವ ಕೋರ್ಸು ಅಂತ ಬ್ರೋಷರಿನಲ್ಲಿ ಹಾಕಿದ್ದರು. ಆಗ ನಂಬಿರಲಿಲ್ಲ, ಈಗ ನಂಬುತ್ತೇನೆ.

ಇತಿಹಾಸಕ್ಕೂ ಒಂದು ಅಧ್ಯಾಯ ಇದೆ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ 1868ರಲ್ಲಿ ಟೈಪ್‌ರೈಟರಿಗೆ ಪೇಟೆಂಟ್ ಪಡೆದ. ಬಂದೂಕು, ಹೊಲಿಗೆ ಯಂತ್ರ ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿ 1874ರಲ್ಲಿ ಅದನ್ನು ಮಾರುಕಟ್ಟೆಗೆ ತಂತು. ಆ ಯಂತ್ರದಲ್ಲಿ ಬರೀ ದೊಡ್ಡಕ್ಷರ. ಸಣ್ಣಕ್ಷರ ಬೇಕು ಅನ್ನೋರು ಶಿಫ್ಟ್ ಕೀ ಇದ್ದ 1878ರ ಮಾಡೆಲ್ಲಿನವರೆಗೆ ಕಾಯಬೇಕಾಯಿತು. ವಾಟ್ಸಾಪಿನಲ್ಲಿ ನಮ್ಮ ದೊಡ್ಡಪ್ಪ ಇನ್ನೂ ಕಾಯುತ್ತಲೇ ಇದ್ದಾರೆ, ಅದು ಬೇರೆ ಮಾತು. ಶೋಲ್ಸ್‌ನ ಪೇಟೆಂಟಿನ ವರ್ಷಕ್ಕೆ ಒಂದು ಅಂಕ ಖಾತ್ರಿ. ಕನ್ನಡ ಟೈಪ್‌ರೈಟರಿಗೆ ಕೀಲಿಮಣೆ ರೂಪಿಸಿದ ಅನಂತಸುಬ್ಬರಾಯರಿಗೆ ಅರ್ಧ ಅಂಕವೂ ಇಲ್ಲ. ಇಂಗ್ಲಿಷ್ ಕೀಬೋರ್ಡಿನಲ್ಲೇ ಸಲೀಸಾಗಿ ಕನ್ನಡ ಬರೆಯುವ ದಾರಿ ಮಾಡಿಕೊಟ್ಟ ಕೆ.ಪಿ. ರಾಯರ ಹೆಸರೂ ಇಲ್ಲ. ಅವರು ಮಾಡಿದ ವಿನ್ಯಾಸದಲ್ಲೇ ನಾಡಿನ ಅರ್ಧ ಕಚೇರಿಗಳು ದಿನಾ ‘ಉಲ್ಲೇಖದಂತೆ’ ಅಂತ ಒತ್ತುತ್ತಿವೆ.

ವಾಕ್ಯ ಮುಗಿದ ಮೇಲೆ ಎರಡು ಸಲ ಸ್ಪೇಸ್ ಕೊಡಬೇಕು ಅನ್ನೋದು ನಮ್ಮ ಸಿಲಬಸ್ಸಿನ ಕಟ್ಟುನಿಟ್ಟಿನ ನಿಯಮ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇದ್ದ ಟೈಪ್‌ರೈಟರ್ ಕಾಲದ ಪದ್ಧತಿ ಇದು. ಒಂದೇ ಸ್ಪೇಸ್ ಕೊಟ್ಟರೆ ಅಂಕ ಕಟ್. ಆ ಕಡೆ ಮೈಕ್ರೋಸಾಫ್ಟ್ 2020ರಿಂದ ವರ್ಡಿನಲ್ಲಿ ಎರಡು ಸ್ಪೇಸ್ ಕೊಟ್ಟರೆ ತಪ್ಪು ಅಂತ ಗೆರೆ ಎಳೆಯುತ್ತದೆ. ಪುಣ್ಯಕ್ಕೆ ನಮ್ಮ ಲ್ಯಾಬಿನ ವರ್ಡ್ 2007ಕ್ಕೆ ಈ ಸುದ್ದಿ ತಲುಪಿಲ್ಲ.

ಸ್ಪೀಡ್ ಟೆಸ್ಟಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತುವಂತಿಲ್ಲ. ಹೇಳಿದರೆ ಯಾರು ಕೇಳುತ್ತಾರೆ? ಅದಕ್ಕೇ ಪರೀಕ್ಷೆಯ ದಿನ ಎಲ್ಲ ಕೀಬೋರ್ಡಿನಿಂದಲೂ ಆ ಕೀಯನ್ನೇ ಕಿತ್ತು ಅಟೆಂಡರ್ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟರು. ಮುಗಿದ ಮೇಲೆ ಪ್ರಿಂಟ್ ತೆಗೆದರು. ಮೇಡಂ ಕೆಂಪು ಪೆನ್ನು ಹಿಡಿದು ಒಂದೊಂದೇ ಅಕ್ಷರ ಎಣಿಸಿದರು. ಐದು ಒತ್ತಿಗೆ ಒಂದು ಪದ ಅಂತ ಲೆಕ್ಕ, ಅದರಲ್ಲಿ ತಪ್ಪುಗಳನ್ನು ಕಳೆಯಬೇಕು. ಅವರು ಎಣಿಸುತ್ತಿದ್ದ ಅದೇ ಹೊತ್ತಿಗೆ ಪರದೆಯ ಕೆಳಗಡೆ ಎಡ ಮೂಲೆಯಲ್ಲಿ ಪದಗಳ ಲೆಕ್ಕ ತಾನೇ ಬಂದು ಕೂತಿತ್ತು. ತೋರಿಸಿದೆ. ‘ಅದನ್ನ ಎಕ್ಸ್‌ಟರ್ನಲ್ ಒಪ್ಪಲ್ಲ ಸಾರ್’ ಅಂದರು.

ನಮ್ಮ ಕ್ಲಾಸಿನಲ್ಲಿ ಒಬ್ಬರು ದ್ವಿತೀಯ ದರ್ಜೆ ಸಹಾಯಕರಿದ್ದರು. ಯಾವ ಇಲಾಖೆ ಅಂತ ಬೇಡ. ಕಿತ್ತಿಟ್ಟ ಬ್ಯಾಕ್‌ಸ್ಪೇಸ್ ನೋಡಿ ನಾವೆಲ್ಲ ನಕ್ಕರೆ ಅವರು ಮಾತ್ರ ತಲೆಯಾಡಿಸಿದರು. ‘ಸರಿಯಾಗೇ ಇದೆ ಸಾರ್. ನಮ್ಮಲ್ಲಿ ಅಳಿಸೋ ಪದ್ಧತಿ ಎಲ್ಲಿದೆ? ತಪ್ಪಾದರೆ ತಿದ್ದೋಲೆ ಹೊರಡಿಸ್ತೀವಿ. ತಿದ್ದೋಲೆಯಲ್ಲಿ ತಪ್ಪಾದರೆ ಅದಕ್ಕೊಂದು ತಿದ್ದೋಲೆ.’

ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸ್ ಮಾಡಲೇಬೇಕು ಅಂತ ಕರ್ನಾಟಕದಲ್ಲಿ 2012ರಲ್ಲೇ ನಿಯಮ ಬಂತು. ಪಾಸ್ ಮಾಡುವ ಗಡುವು ಮಾತ್ರ ಮುಂದೆ ಮುಂದೆ ಹೋಗುತ್ತಾ ಬಂತು. ಗಡುವು ವಿಸ್ತರಿಸಿದ ಆದೇಶಗಳನ್ನು ಯಾರೋ ಕಂಪ್ಯೂಟರಿನಲ್ಲೇ ಟೈಪ್ ಮಾಡಿರಬೇಕು ಅಲ್ವಾ? ಕನಿಷ್ಠ ಅವರಿಗಾದರೂ ಅಲ್ಲೇ ಪಾಸ್ ಅಂತ ಕೊಟ್ಟುಬಿಡಬಹುದಿತ್ತು.

ಕಾಗದ ಇಲ್ಲದ ಕಚೇರಿ ಹೇಗೆ ನಡೆಯುತ್ತದೆ ಅಂತ ಆ ಸಹಾಯಕರೇ ಬಿಡಿಸಿ ಹೇಳಿದರು. ಮೇಲಿನ ಕಚೇರಿಯಿಂದ ಇಮೇಲಿನಲ್ಲಿ ಪತ್ರ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಸಾಹೇಬರ ಮುಂದೆ ಇಡಬೇಕು. ಸಾಹೇಬರು ಪಕ್ಕದಲ್ಲಿ ಪೆನ್ನಿನಲ್ಲಿ ‘ಚರ್ಚಿಸಿ’ ಅಂತ ಬರೆಯುತ್ತಾರೆ. ಚರ್ಚಿಸಿದ ಮೇಲೆ ಉತ್ತರ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಮತ್ತೆ ಇಮೇಲಿನಲ್ಲಿ ಕಳಿಸಬೇಕು. ಸ್ಕ್ಯಾನ್ ಸ್ವಲ್ಪ ವಾಲಿರಬೇಕು, ಮೂಲೆಯಲ್ಲಿ ಯಾರದಾದರೂ ಹೆಬ್ಬೆರಳಿನ ತುದಿ ಕಂಡರೆ ಇನ್ನೂ ಅಧಿಕೃತ. ಅದು ಬರೀ ಚಿತ್ರ ಆಗಿರೋದರಿಂದ ಆ ಕಡೆಯವರಿಗೆ ಒಂದು ಸಾಲನ್ನೂ ಕಾಪಿ ಮಾಡಿಕೊಳ್ಳೋಕೆ ಆಗಲ್ಲ. ಅವರು ಪೂರ್ತಿ ಪತ್ರವನ್ನು ಮತ್ತೆ ಟೈಪ್ ಮಾಡುತ್ತಾರೆ. ‘ಹಂಗಾಗಿ ಟೈಪಿಸ್ಟ್ ಹುದ್ದೆ ಹೋಗಲ್ಲ ಸಾರ್, ಹೆದರಬೇಡಿ’ ಅಂತ ನನಗೆ ಧೈರ್ಯ ಬೇರೆ ಹೇಳಿದರು.

ಇನ್ನು ಕನ್ನಡ ಟೈಪಿಂಗ್. ಅದು ಕೊನೆಯ ಅಧ್ಯಾಯ, ‘ಸಮಯವಿದ್ದಲ್ಲಿ’ ಮಾತ್ರ. ಒಂದು ಸಂಜೆ ಸಮಯ ಇತ್ತು, ಕರೆಂಟೂ ಇತ್ತು. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ತೆರೆದೆವು. ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಒತ್ತಿಗೆ ‘ಕನ್ನಡ’ ಅಂತ ಪರದೆ ಮೇಲೆ ಮೂಡಿತು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಪೆನ್ ಡ್ರೈವಿಗೆ ಹಾಕಿಕೊಂಡು ಪ್ರಿಂಟಿಗೆ ಅಂತ ಆಫೀಸ್ ರೂಮಿಗೆ ಹೋದೆವು. ಅಲ್ಲಿನ ಕಂಪ್ಯೂಟರಿನಲ್ಲಿ ನಾವು ಬಳಸಿದ ನುಡಿಯ ಹಳೇ ಫಾಂಟ್ ಇರಲಿಲ್ಲ. ತೆರೆದರೆ ಒಂದು ದೊಡ್ಡ ಪಿ, ತಲೆ ಮೇಲೆ ಓರೆ ಗೀಟು ಹೊತ್ತ ಒಂದು ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯು, ಕೊನೆಗೆ ಇನ್ನೊಮ್ಮೆ ಅದೇ ಎ. ಇಷ್ಟೂ ಸೇರಿ ‘ಕನ್ನಡ’. ಎಲ್ಲ ಭಾಷೆಯ ಅಕ್ಷರಗಳಿಗೂ ಜಗತ್ತಿಗೆಲ್ಲ ಒಂದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆಯೂ ಇದೆ, ಒಂದು ಕ್ಲಿಕ್ ಅಷ್ಟೇ. ಆದರೆ ಪುಸ್ತಕದಲ್ಲಿ ಹಳೇ ಫಾಂಟಿನ ಹೆಸರೇ ಅಚ್ಚಾಗಿದೆಯಲ್ಲ, ಏನು ಮಾಡ್ತೀರಿ? ಪ್ರಿಂಟ್ ಬರಲಿಲ್ಲ. ರೆಕಾರ್ಡಿನ ಖಾಲಿ ಪುಟದಲ್ಲಿ ‘ಔಟ್‌ಪುಟ್’ ಅಂತ ಹೆಡ್ಡಿಂಗ್ ಹಾಕಿ, ಕೆಳಗೆ ‘ಕನ್ನಡ’ ಅಂತ ನೀಲಿ ಪೆನ್ನಿನಲ್ಲಿ ದುಂಡಗೆ ಬರೆದೆವು. ಮೇಡಂ ಟಿಕ್ ಹಾಕಿದರು.

ವೈವಾಗೆ ಬಂದ ಎಕ್ಸ್‌ಟರ್ನಲ್ ಸಾಹೇಬರು ನನ್ನ ಟೈಪಿಂಗ್ ನೋಡಲಿಲ್ಲ. ರೆಕಾರ್ಡ್ ತಿರುವಿ, ‘ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ’ ಅಂದರು. ಪಾಸ್.

ಸರ್ಟಿಫಿಕೇಟೂ ಬಂತು. ಹೆಸರಿನ ಜಾಗದಲ್ಲಿ ಚುಕ್ಕಿ ಸಾಲು, ಅದರ ಮೇಲೆ ಗುಮಾಸ್ತರು ಕೈಯಲ್ಲೇ ನನ್ನ ಹೆಸರು ಬರೆದಿದ್ದರು. ಎಚ್ ಇರಬೇಕಾದ ಇನಿಷಿಯಲ್ಲು ಎನ್ ಆಗಿತ್ತು. ಸರಿ ಮಾಡಿಕೊಡಿ ಅಂತ ಕೇಳಿದೆ. ಕೈಬರಹದ ಅರ್ಜಿ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಜೆರಾಕ್ಸು, ನೋಟರಿ ಮಾಡಿಸಿದ ಅಫಿಡವಿಟ್ಟು ತನ್ನಿ ಅಂದರು. ಅಫಿಡವಿಟ್ ಮಾತ್ರ ಟೈಪ್ ಆಗಿರಬೇಕಂತೆ. ನಾನೇ ಟೈಪ್ ಮಾಡಿ ತರಲಾ, ಈಗಷ್ಟೇ ಕೋರ್ಸ್ ಮುಗಿಸಿದ್ದೀನಿ ಅಂದೆ. ‘ಅಯ್ಯೋ ಬೇಡ ಸಾರ್, ಫಾರ್ಮ್ಯಾಟ್ ತಪ್ಪಾಗುತ್ತೆ. ಕೋರ್ಟ್ ಹತ್ತಿರ ಮಾಡ್ತಾರೆ ನೋಡಿ’ ಅಂದರು.

ಕೋರ್ಟಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬ ಹುಡುಗ ಕೂತಿದ್ದ. ಯಾವ ಕಾಲೇಜಿನಲ್ಲೂ ಟೈಪಿಂಗ್ ಕಲಿತವನಲ್ಲ. ಒಂದು ಕೈಯಲ್ಲಿ ಟೀ ಹಿಡಿದು ಇನ್ನೊಂದು ಕೈಯಲ್ಲೇ ಹಳೇ ಅಫಿಡವಿಟ್ ತೆರೆದ. ಅದರಲ್ಲಿದ್ದ ಹೆಸರು ಅಳಿಸಿದ, ನನ್ನದು ಹಾಕಿದ, ಪ್ರಿಂಟ್ ಕೊಟ್ಟ. ಅವನ ಕೀಬೋರ್ಡಿನಲ್ಲಿ ಅರ್ಧ ಅಕ್ಷರ ಸವೆದು ಹೋಗಿದ್ದವು, ಬ್ಯಾಕ್‌ಸ್ಪೇಸ್ ಮಾತ್ರ ಗಟ್ಟಿಯಾಗಿತ್ತು. ಟೀ ಆರುವ ಮುಂಚೆ ಕೆಲಸ ಮುಗಿದಿತ್ತು.

ಸಹಿ ಹಾಕುವ ಮೊದಲು ಓದಿದೆ. ಇನಿಷಿಯಲ್ ಸರಿಯಾಗಿದೆ. ಎರಡನೇ ಪ್ಯಾರಾದಲ್ಲಿ ಮಾತ್ರ, ದೇವನಹಳ್ಳಿ ತಾಲ್ಲೂಕಿನಲ್ಲಿ ನನಗೆ ಎರಡು ಎಕರೆ ಪಿತ್ರಾರ್ಜಿತ ಜಮೀನು ಇದೆ ಅಂತ ನಾನು ಪ್ರಮಾಣ ಮಾಡಿದ್ದೇನೆ. ಏರ್‌ಪೋರ್ಟ್ ಕಡೆಯ ರೇಟ್ ಈಗ ಎಷ್ಟಿದೆ ಅಂತ ನಿಮಗೂ ಗೊತ್ತು. ಹುಡುಗ ಪೆನ್ನು ಚಾಚಿ, ‘ಏನಾದ್ರೂ ಕರೆಕ್ಷನ್ ಇದೆಯಾ ಸಾರ್?’ ಅಂದ.

ಇಲ್ಲಪ್ಪ, ಎಲ್ಲ ಸರಿಯಾಗಿದೆ ಅಂದೆ.