ಬಾಟಾ ಕೇಳದ ಡ್ರೈವರ್

ಪೋರ್ಚುಗಲ್‌ನ ಪೋರ್ತೊದಲ್ಲಿ ಹೋಟೆಲ್ ಮುಂದೆ ಕಾರು ನಿಂತಿತು. ಡ್ರೈವರ್ ಸೂಟ್‌ಕೇಸ್ ಇಳಿಸಿದ, ನಾನು ಜೇಬಿಗೆ ಕೈ ಹಾಕಿದೆ. ಆತ ನಕ್ಕು, ಎಲ್ಲ ಬುಕಿಂಗ್‌ನಲ್ಲೇ ಬಂದಿದೆ ಎಂದು ಕೈಕುಲುಕಿ ಹೊರಟೇಬಿಟ್ಟ. ಟೋಲ್? ಸೇರಿದೆ. ದಾರಿಯಲ್ಲಿ ಫಾತಿಮಾದಲ್ಲಿ ಕಾದದ್ದು? ಅದೂ ಸೇರಿದೆ. ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಪಾಪ, ಬಾಟಾ ಕೊಡ್ಬೇಕಲ್ವೇನೋ" ಎಂದಳು. ಚಿಕ್ಕಮ್ಮ ಆಗಲೇ ಪರ್ಸ್ ತೆಗೆದಿದ್ದಳು.

ನಾನು ಲಿಸ್ಬನ್‌ನಲ್ಲಿ ಕೆಲಸಕ್ಕಿದ್ದೇನೆ. ಅಮ್ಮ, ಚಿಕ್ಕಮ್ಮ ಇಬ್ಬರೂ ರಜೆಗೆ ಬಂದಿದ್ದರು. ಲಿಸ್ಬನ್‌ನಿಂದ ಪೋರ್ತೊಗೆ ಹೋಗಲು ಒಳ್ಳೆಯ ರೈಲಿದೆ, ಸುಮಾರು ಮೂರು ಗಂಟೆಯಲ್ಲಿ ಮುಟ್ಟಿಸುತ್ತದೆ. ಆದರೆ ಚಿಕ್ಕಮ್ಮನಿಗೆ ದಾರಿಯಲ್ಲಿರುವ ಫಾತಿಮಾ ಎಂಬ ಮಾತೆ ಮರಿಯಮ್ಮನ ಯಾತ್ರಾಸ್ಥಳ ನೋಡಲೇಬೇಕಿತ್ತು. ಮಂಗಳೂರಲ್ಲಿ ಅವಳ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸೊಬ್ಬರು, "ನನ್ನ ಹೆಸರಲ್ಲಿ ಅಲ್ಲೊಂದು ಮೇಣದಬತ್ತಿ ಹಚ್ಚಿ ಬನ್ನಿ" ಅಂದಿದ್ದರಂತೆ. ಫಾತಿಮಾ ಎಂಬ ಹೆಸರಿನ ರೈಲು ನಿಲ್ದಾಣವೇನೋ ಇದೆ. ಆದರೆ ಅಲ್ಲಿಂದ ಯಾತ್ರಾಸ್ಥಳ ಸುಮಾರು 20 ಕಿಲೋಮೀಟರ್ ದೂರ. ನೆಟ್ಟಣದಲ್ಲಿ ಇಳಿದು 'ಸುಬ್ರಹ್ಮಣ್ಯ ರೋಡ್' ಬೋರ್ಡ್ ನೋಡಿ, ದೇವಸ್ಥಾನ ಎಲ್ಲಿ ಅಂತ ಹುಡುಕಿದವರಿಗೆ ಇದು ಹೊಸದಲ್ಲ. ಹಾಗಾಗಿ ಕಾರೇ ಸರಿ ಅಂದುಕೊಂಡೆವು.

ಬುಕ್ ಮಾಡುವಾಗಲೇ ಎಲ್ಲಿ ನಿಲ್ಲಬೇಕು ಅಂತ ಕೇಳುತ್ತಾರೆ. ನಜರೆ ಕಡಲತೀರ, ಕೊಯಿಂಬ್ರಾ, ಫಾತಿಮಾ, ಏನು ಬೇಕೋ ಆರಿಸಿಕೊಳ್ಳಿ. ಫಾತಿಮಾ ಒತ್ತಿದೆ, ಒಂದು ಗಂಟೆ ಎಂದೆ. ಒಂದೇ ಮೊತ್ತ ಬಂತು. ಅದಕ್ಕೆ ಬಾಲ ಇರಲಿಲ್ಲ.

ಈಗ ನಮ್ಮಲ್ಲಿ ಬೆಂಗಳೂರಿಂದ ಮಂಗಳೂರಿಗೆ ಕಾರು ಮಾಡಿ ನೋಡಿ. ದೂರ ಹೆಚ್ಚುಕಮ್ಮಿ ಅಷ್ಟೇ. ಲಿಸ್ಬನ್‌ನಿಂದ ಪೋರ್ತೊ 300 ಕಿಲೋಮೀಟರ್ ಮೇಲೆ, ಇದು 350. ಫೋನಲ್ಲಿ ಕಿಲೋಮೀಟರಿಗೆ ಇಷ್ಟು ಅಂತಾರೆ, ಕೇಳೋಕೆ ಕಮ್ಮಿಯೇ. ಆಮೇಲೆ ಶುರು. ಓಡಲಿ ಬಿಡಲಿ, ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಲೆಕ್ಕ. ಆ ಲೆಕ್ಕವೂ ನಿಮ್ಮ ಮನೆ ಬಾಗಿಲಿಂದ ಅಲ್ಲ, ಅವರ ಶೆಡ್ಡಿನಿಂದ ಶೆಡ್ಡಿಗೆ. ನೀವು ಮಂಗಳೂರಲ್ಲೇ ಇಳಿದುಕೊಂಡರೂ ಖಾಲಿ ಗಾಡಿ ವಾಪಸ್ ಬರುವ ದುಡ್ಡು ನಿಮ್ಮದೇ. ಪಾರ್ಕಿಂಗ್ ಬೇರೆ, ಬಾಟಾ ಬೇರೆ, ರಾತ್ರಿಯಾದರೆ ನೈಟ್ ಬಾಟಾ ಇನ್ನೂ ಬೇರೆ. ಗುಂಡ್ಯದಲ್ಲಿ ತಿರುಗಿ ಕುಕ್ಕೆ ಮುಗಿಸಿಕೊಂಡು ಹೋಗೋಣ ಅಂದರೆ ಡ್ರೈವರ್ ಕನ್ನಡಿಯಲ್ಲಿ ನಮ್ಮ ಮುಖ ನೋಡುತ್ತಾನೆ. "ಓನರ್ ಡ್ರಾಪ್ ಅಂತ ಮಾತ್ರ ಹೇಳಿದ್ರು ಸಾರ್." ಓನರ್‌ಗೆ ಫೋನು. ಓನರ್ ಎತ್ತುವುದಿಲ್ಲ. ಎತ್ತುವಷ್ಟರಲ್ಲಿ ಗುಂಡ್ಯ ದಾಟಿರುತ್ತದೆ.

ಟೋಲ್ ಕಥೆ ಇನ್ನೂ ಚೆನ್ನ. ಪೋರ್ಚುಗಲ್‌ನಲ್ಲಿ 1991ರಿಂದಲೇ ವಿಯಾ ವೆರ್ದೆ ಎಂಬ ಪುಟ್ಟ ಪೆಟ್ಟಿಗೆ ಇದೆ, ಗಾಜಿಗೆ ಅಂಟಿಸಿಕೊಂಡು ಸುಮ್ನೆ ಹೋಗುತ್ತಿರುವುದೇ. ನಮಗೂ ಫಾಸ್ಟ್ಯಾಗ್ ಬಂದಿದೆ, ಆ ಮಟ್ಟಿಗೆ ನಾವೇನು ಹಿಂದೆ ಇಲ್ಲ. ಆದರೆ ಟೋಲ್ ಎಷ್ಟಾಯ್ತಪ್ಪ ಅಂದರೆ, "ಮೆಸೇಜ್ ಓನರ್ ಮೊಬೈಲಿಗೆ ಹೋಗುತ್ತೆ ಸಾರ್, ಆಮೇಲೆ ಹೇಳ್ತಾರೆ." ಯಂತ್ರ ಬಂದರೂ ಲೆಕ್ಕ ಮಾತ್ರ ಹಳೇದೇ.

ನನಗೆ ಸಿಟ್ಟು ಡ್ರೈವರ್ ಮೇಲಲ್ಲ. ಗಾಡಿ ಮಾಲೀಕರು ಬೇಕಂತಲೇ ಅರ್ಧ ದರ ಹೇಳಿ, ಉಳಿದರ್ಧವನ್ನು ಡ್ರೈವರ್ ಮತ್ತು ಗಿರಾಕಿಯ ನಡುವಿನ ಜಗಳಕ್ಕೆ ಬಿಡುತ್ತಾರೆ. ಇಡೀ ದಿನ ಶಿರಾಡಿಯ ತಿರುವುಗಳಲ್ಲಿ ಗಾಡಿ ತಿರುಗಿಸಿದವನು ಕೊನೆಗೆ ನಮ್ಮ ಗೇಟಿನ ಮುಂದೆ ತಲೆ ಕೆರೆದುಕೊಂಡು ನಿಲ್ಲಬೇಕು. ನಾವು ಕೊಡುವ ಮೊದಲು ಮನಸ್ಸಿನಲ್ಲೇ ಚೌಕಾಸಿ ಮಾಡಬೇಕು. ಎಷ್ಟು ಕೊಟ್ಟರೂ ಕೊಟ್ಟವನಿಗೆ ಜಾಸ್ತಿ ಅನಿಸುತ್ತದೆ, ತಗೊಂಡವನಿಗೆ ಕಮ್ಮಿ. ಅವನ ಸಂಬಳ ಅವನ ಮಾಲೀಕನ ಜವಾಬ್ದಾರಿ ಅಲ್ವಾ? ಅವನು ಮಧ್ಯಾಹ್ನ ಊಟ ಮಾಡಿದನಾ ಎಂಬುದು ನನ್ನ ಉದಾರತೆಗೆ ಯಾಕೆ ಬಿಡಬೇಕು?

ಆ ಪೋರ್ಚುಗಲ್ ಕಾರಿನಲ್ಲಿದ್ದ ನೆಮ್ಮದಿಯೇ ಫಾತಿಮಾದಲ್ಲೂ. ಲಿಸ್ಬನ್‌ನಿಂದ ಸುಮಾರು 125 ಕಿಲೋಮೀಟರ್, ಎ1 ಹೆದ್ದಾರಿಯಿಂದ ಇಳಿದರೆ ಹತ್ತಿರವೇ. 1917ರ ಮೇ 13ರಂದು ಕುರಿ ಕಾಯುತ್ತಿದ್ದ ಮೂವರು ಮಕ್ಕಳಿಗೆ ಮಾತೆ ಮರಿಯಮ್ಮ ಕಾಣಿಸಿಕೊಂಡಳು ಎನ್ನುವ ಜಾಗ. ಆಗ ಬರೀ ಬಯಲು, ಈಗ ಕಣ್ಣಿಗೆ ನಿಲುಕದಷ್ಟು ದೊಡ್ಡ ಅಂಗಳ. ಒಂದು ತುದಿಗೆ ಬಿಳಿ ಗೋಪುರದ ಬಸಿಲಿಕಾ, ಇನ್ನೊಂದು ತುದಿಗೆ 2007ರಲ್ಲಿ ತೆರೆದ ದೊಡ್ಡ ಹೊಸದು. ನಡುವೆ ಒಂದು ಪುಟ್ಟ ಗುಡಿ. ಎಲ್ಲರೂ ಹೋಗುವುದು ಆ ಪುಟ್ಟದಕ್ಕೇ. 1981ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರಿಗೆ ತಗುಲಿದ ಗುಂಡನ್ನು ಆ ಮಾತೆಯ ಕಿರೀಟದಲ್ಲಿ ಕೂರಿಸಿದ್ದಾರೆ ಎಂದು ಡ್ರೈವರ್ ಹೇಳಿದ. ಚಿಕ್ಕಮ್ಮ "ಅಯ್ಯೋ, ಅದನ್ಯಾಕೆ ದೇವರ ತಲೆ ಮೇಲೆ" ಅಂದಳು.

ಟಿಕೆಟ್ ಇಲ್ಲ, ವಿಶೇಷ ದರ್ಶನದ ಸಾಲು ಇಲ್ಲ, ಚಪ್ಪಲಿ ಕಾಯುವವರಿಲ್ಲ. ಮೇಣದಬತ್ತಿಗಳನ್ನು ಹೊರಗೇ ಇಟ್ಟಿದ್ದಾರೆ. ಬೇಕಾದ್ದು ತಗೊಂಡು ಪೆಟ್ಟಿಗೆಗೆ ದುಡ್ಡು ಹಾಕಬೇಕು. ಹಾಕಿದಿರಾ ಎಂದು ನೋಡುವವರೂ ಇಲ್ಲ. ಚಿಕ್ಕಮ್ಮ ಚಿಲ್ಲರೆ ಎರಡು ಸಲ ಎಣಿಸಿ ಹಾಕಿದಳು. ಪಕ್ಕದ ಮನೆಯವರದು ಒಂದು, ತನ್ನದೊಂದು. ಮೇಣದಲ್ಲೇ ಮಾಡಿದ ಕೈ, ಕಾಲು ಕೂಡ ಅಲ್ಲಿ ಸಿಗುತ್ತವೆ, ಹರಕೆಗೆ. ಅದನ್ನು ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಅಂಗಳದಲ್ಲಿ ಒಂದು ಉದ್ದನೆಯ ನುಣುಪು ಕಲ್ಲಿನ ಪಟ್ಟಿ ಇದೆ. ಹರಕೆ ಹೊತ್ತವರು ಅದರ ಮೇಲೆ ಮಂಡಿಯೂರಿ ಪುಟ್ಟ ಗುಡಿಯವರೆಗೆ ಹೋಗುತ್ತಾರೆ. ಆವತ್ತು ಒಬ್ಬಳು ಹೋಗುತ್ತಿದ್ದಳು, ಮೂವತ್ತರ ಆಸುಪಾಸಿನವಳು. ಗಂಡ ಕೈ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ. ಚಿಕ್ಕಮ್ಮನೂ ಸ್ವಲ್ಪ ದೂರದಲ್ಲಿ ಜೊತೆಗೇ ನಡೆದಳು. ಆಕೆ ಇನ್ನೂ ಅರ್ಧ ದಾರಿಯಲ್ಲಿದ್ದಾಗ ನನ್ನ ಮೊಬೈಲ್ ಸದ್ದು ಮಾಡಿತು. ಇನ್ನು ಹತ್ತು ನಿಮಿಷ, ಪಾರ್ಕಿಂಗ್‌ನಲ್ಲಿದ್ದೇನೆ, ಎಂದು ಡ್ರೈವರ್ ಬರೆದಿದ್ದ.

"ಅವಳು ಮುಟ್ಟಲಿ ಕಣೋ, ಆಮೇಲೆ ಹೋಗೋಣ" ಎಂದಳು ಚಿಕ್ಕಮ್ಮ. ಫೋನ್ ಮಾಡಿ ಕೇಳಿದೆ. ಆತ ಬಹಳ ಮರ್ಯಾದೆಯಿಂದಲೇ ಆಗುವುದಿಲ್ಲ ಎಂದ. ಪೋರ್ತೊದಲ್ಲಿ ಅವನಿಗೆ ಮುಂದಿನ ಗಿರಾಕಿ ಇದ್ದರು. ಅದೂ ಬರೆದಿಟ್ಟದ್ದೇ. ಈಸ್ಟರ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ರಾತ್ರಿ ಒಂಬತ್ತೂವರೆಗೆ ಮೇಣದಬತ್ತಿ ಹಿಡಿದು ಮೆರವಣಿಗೆ ಇರುತ್ತದೆ ಎಂದು ಬೋರ್ಡಿನಲ್ಲಿ ಓದಿ ಹೇಳಿದ್ದೇ ತಪ್ಪಾಯಿತು. ಚಿಕ್ಕಮ್ಮ ಪೋರ್ತೊವರೆಗೂ ಮಾತಾಡಲಿಲ್ಲ. ಕಾರಿನಲ್ಲಿ ನೀರಿನ ಬಾಟಲಿ ಇತ್ತು, ಎಸಿ ಹದವಾಗಿತ್ತು, ಹೇಳಿದ ಸಮಯಕ್ಕೆ ಸರಿಯಾಗಿ ಮುಟ್ಟಿದೆವು.

ಇನ್ನು ಇದನ್ನು ಹೇಳದೆ ಇರೋಕೆ ಆಗಲ್ಲ. ಕೆಲವು ವರ್ಷಗಳ ಹಿಂದೆ ಕುಕ್ಕೆಗೆ ಹೋಗಿದ್ದಾಗ ನಾವು ತಲುಪುವಷ್ಟರಲ್ಲಿ ಮಧ್ಯಾಹ್ನದ ಬಾಗಿಲು ಹಾಕಿದ್ದರು. ಓನರ್ ಫೋನು ಎತ್ತಿರಲಿಲ್ಲ. ಡ್ರೈವರೇ, "ಇಷ್ಟು ದೂರ ಬಂದು ನೋಡ್ದೆ ಹೋಗ್ತೀರಾಮ್ಮ, ಬನ್ನಿ ಮೊದ್ಲು ಊಟ ಮಾಡೋಣ" ಎಂದ. ಪಂಕ್ತಿಯಲ್ಲಿ ಅಮ್ಮನ ಪಕ್ಕದಲ್ಲೇ ಕೂತು ಉಂಡ. ಬಾಗಿಲು ತೆಗೆದಾಗ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ನಮ್ಮ ಜೊತೆಗೇ ಸಾಲಿನಲ್ಲಿ ನಿಂತ. ಮಗಳಿಗೆ ಏನೋ ಹರಕೆ ಇತ್ತಂತೆ. ಎಷ್ಟು ಹೊತ್ತಾಯಿತು ಎಂದು ಅವನೂ ನೋಡಲಿಲ್ಲ, ನಾವೂ ನೋಡಲಿಲ್ಲ. ಮಂಗಳೂರಲ್ಲಿ ಇಳಿದಾಗ ಅವನು ತಲೆ ಕೆರೆದುಕೊಂಡದ್ದು ನಿಜ. ಅಮ್ಮ ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟಳು. ಎಷ್ಟು ಅಂತ ಮೊದಲೇ ಬರೆದಿಟ್ಟಿದ್ದರೆ ಅಷ್ಟು ಕೊಡುತ್ತಿರಲಿಲ್ಲ.