ರಷ್ಯನ್ ಕಲಿಯೋಕೆ ಇಂಗ್ಲಿಷ್ ಯಾಕ್ರೀ?

ನಿನ್ನೆ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಕಿವಿಗೆ ಬಿದ್ದ ಮಾತು. ಪಕ್ಕದಲ್ಲಿ ಕೂತಿದ್ದ ಹುಡುಗಿ ರಷ್ಯನ್ ಭಾಷೆ, ಸಾಹಿತ್ಯ ಓದೋಕೆ ಮಾಸ್ಕೋಗೆ ಹೊರಟಿದ್ದಾಳೆ. ಎದುರಿನ ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಉಪದೇಶ ಕೊಟ್ಟರು: "ಮೊದಲು ಇಂಗ್ಲಿಷ್ ಗ್ರಾಮರ್ ಗಟ್ಟಿ ಮಾಡ್ಕೋ ಪುಟ್ಟಿ, ಆಮೇಲೆ ರಷ್ಯನ್ ನೀರು ಕುಡಿದ ಹಾಗೆ." ಆ ಹುಡುಗಿ ತಲೆಯಾಡಿಸಿಬಿಟ್ಟಳು. ಶುಭಕಾರ್ಯದ ಮನೆ ಅಂತ ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಬೇಕಾದ ಹಂಗಿಲ್ಲ. ನನ್ನ ರಷ್ಯನ್ ಪುರಾಣ ಕೇಳಿ ಸುಸ್ತಾದವರು ಇಲ್ಲೇ ಇಳಿದುಕೊಳ್ಳಬಹುದು.

ರಷ್ಯನ್ನಿನ ಮೊದಲ ಪಾಠ: "ಯಾ ಸ್ತುದ್ಯೆಂತ್ಕ." ನಾನು ವಿದ್ಯಾರ್ಥಿನಿ. ಅಷ್ಟೇ, ನಡುವೆ 'ಆ್ಯಮ್' ಇಲ್ಲ. ಕನ್ನಡದಲ್ಲೂ ಇಲ್ಲ. ಇಂಗ್ಲಿಷ್ ಹೊತ್ತುಕೊಂಡು ಹೋದವರು ಮೊದಲ ವಾರವೆಲ್ಲ ಆ 'ಆ್ಯಮ್' ಹುಡುಕುತ್ತಾ ಕೂರುತ್ತಾರೆ. ಮುಂದಿನದು ನೋಡಿ. "ಉ ಮೆನ್ಯಾ ಯೆಸ್ತ್ ಕ್ನೀಗ" ಅಂದರೆ ನನ್ನ ಹತ್ತಿರ ಪುಸ್ತಕ ಇದೆ. "ಮ್ನ್ಯೆ ದ್ವಾತ್ಸತ್ ಲ್ಯೆತ್" ಅಂದರೆ ನನಗೆ 20 ವರ್ಷ. "ಮ್ನ್ಯೆ ಹೋಲದ್ನ" ಅಂದರೆ ನನಗೆ ಚಳಿ. ನನಗೆ, ನನಗೆ! ಚತುರ್ಥಿ ವಿಭಕ್ತಿ, ನಮ್ಮಲ್ಲಿದ್ದ ಹಾಗೇ. ಇದನ್ನೇ 'ಐ ಆ್ಯಮ್ ಕೋಲ್ಡ್' ದಾರಿಯಲ್ಲಿ ಸುತ್ತಿಕೊಂಡು ಬಂದವಳು "ಯಾ ಹಲೋದ್ನಯ" ಅಂತಾಳೆ. ಅದರರ್ಥ ಚಳಿಯಾಗುತ್ತಿದೆ ಅಂತಲ್ಲ, 'ನಾನು ಭಾವನೆಯಿಲ್ಲದ ತಣ್ಣನೆ ಹೆಂಗಸು' ಅಂತ. ಗಟ್ಟಿ ಮಾಡಿಕೊಂಡ ಗ್ರಾಮರ್ ಕೊಟ್ಟ ಉಡುಗೊರೆ.

ವಿಭಕ್ತಿ ಅಂದರೆ ಇಂಗ್ಲಿಷ್ ಮಂದಿಗೆ ಜ್ವರ ಬರುತ್ತದೆ. ರಷ್ಯನ್ನಿನಲ್ಲಿ ಆರು. ಹೈಸ್ಕೂಲಿನಲ್ಲಿ 'ಉ, ಅನ್ನು, ಇಂದ, ಗೆ' ಉರು ಹೊಡೆದವರಿಗೆ ಆರು ಯಾವ ಲೆಕ್ಕ? ಒಂದೇ ಒಂದು ಉದಾಹರಣೆ. ಪೆನ್ನಿನಿಂದ ಬರೆಯುತ್ತೇನೆ: "ಯಾ ಪಿಷೂ ರೂಚ್ಕಯ್." ಪೆನ್ನು 'ರೂಚ್ಕ', ಅದರ ತೃತೀಯಾ ರೂಪ 'ರೂಚ್ಕಯ್', ಹಿಂದೆ ಯಾವ ಪದವೂ ಬೇಡ. ಗೆಳೆಯನ ಜೊತೆ ಅನ್ನೋದಕ್ಕೆ "ಸ್ ದ್ರೂಗಮ್". ಇಲ್ಲಿ 'ಸ್' ಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ 'ವಿತ್' ಒಂದೇ. ಹಾಗಾಗಿ "ಪಿಷೂ ಸ್ ರೂಚ್ಕಯ್" ಅಂತ ಬರೆದು, ಪೆನ್ನಿನ ಕೈಹಿಡಿದುಕೊಂಡು ವಾಕಿಂಗ್ ಹೊರಟ ಹಾಗೆ ಮಾಡುತ್ತಾರೆ. 'ಇಂದ' ಬೇರೆ, 'ಜೊತೆ' ಬೇರೆ ಅಂತ ನಮಗೆ ಹೇಳಿಕೊಡಬೇಕಾ?

ದ್ವಿತೀಯಾ ಇನ್ನೂ ಚೆಂದ. ನಾವು 'ಟೇಬಲ್ ನೋಡಿದೆ' ಅಂತೀವಿ, 'ಹುಡುಗ ನೋಡಿದೆ' ಅಂದರೆ ಅರ್ಥವೇ ಕೆಟ್ಟುಹೋಗುತ್ತದೆ, 'ಹುಡುಗನನ್ನು' ಅನ್ನಲೇಬೇಕು. ರಷ್ಯನ್ನಿನ ಪುಲ್ಲಿಂಗದಲ್ಲೂ ಇದೇ ಬುದ್ಧಿ. "ವೀಝು ಸ್ತೋಲ್", ಟೇಬಲ್ ಬದಲಾಗಲ್ಲ. "ವೀಝು ಸ್ತುದ್ಯೆಂತ", ಜೀವ ಇದೆ, ಬದಲಾಗುತ್ತದೆ. ಇನ್ನು "ಪ್ರಚಿತಾಫ್ ಪಿಸ್ಮೋ, ಓನ್ ಉಷೋಲ್" ಅಂದರೆ 'ಪತ್ರ ಓದಿ ಅವನು ಹೊರಟುಹೋದ'. ಓದಿದವನೂ ಹೊರಟವನೂ ಒಬ್ಬನೇ ಆಗಿರಬೇಕು ಅನ್ನುವ ನಿಯಮ ಕೂಡ ನಮ್ಮ 'ಓದಿ'ಗೆ ಇರೋದೇ.

ಉಚ್ಚಾರಕ್ಕೂ ಬರ್ತೀನಿ. ರಷ್ಯನ್ನಿನದು 'ತ', 'ದ'. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಓದಿದರೆ ನಮ್ಮ ಬಾಯಲ್ಲಿ 'ಟ', 'ಡ' ಬಂದು ಕೂರುತ್ತವೆ, ಸ್ತುದ್ಯೆಂತ್ ಹೋಗಿ ಸ್ಟೂಡೆಂಟ್ ಆಗುತ್ತದೆ. ಅಲ್ಲಿ ಎರಡು ಶಕಾರ ಇವೆ. ಒಂದು ನಾಲಿಗೆ ಹಿಂದಕ್ಕೆ ಸರಿಸಿ ಹೇಳುವ, ಹೆಚ್ಚುಕಡಿಮೆ ನಮ್ಮ 'ಷ'. ಇನ್ನೊಂದು ಉದ್ದಕ್ಕೆ ಎಳೆದ ಮೃದುವಾದ 'ಶ್ಶ'. (ಶಂಕರನಿಗೂ ಷಣ್ಮುಖನಿಗೂ ಒಂದೇ ಶಕಾರ ಬಳಸುವವರು, ಅಂದರೆ ನಾವೆಲ್ಲರೂ, ಇಲ್ಲಿ ಸ್ವಲ್ಪ ನಾಚಿಕೊಳ್ಳೋಣ.)

ಕನ್ನಡವೇ ಎಲ್ಲಕ್ಕೂ ಸಾಕು ಅಂತ ಜಂಬ ಕೊಚ್ಚಲ್ಲ. ಟೇಬಲ್ ಗಂಡು, ಪುಸ್ತಕ ಹೆಣ್ಣು ಅನ್ನೋದಕ್ಕೆ ನಮ್ಮಲ್ಲಿ ಮದ್ದಿಲ್ಲ, ಪದದ ಕೊನೆ ನೋಡಿಯೇ ಕಲಿಯಬೇಕು. ದುಡ್ಡು ಎಣಿಸುವಾಗ 1 ರೂಬ್ಲ್, 2ರಿಂದ 4ಕ್ಕೆ ರುಬ್ಲ್ಯಾ, 5ರಿಂದ 20ಕ್ಕೆ ರುಬ್ಲ್ಯೇಯ್, 21ಕ್ಕೆ ಮತ್ತೆ ರೂಬ್ಲ್. ಇದನ್ನು ಅಂಗಡಿಯಲ್ಲಿ ಚಿಲ್ಲರೆ ಎಣಿಸಿಯೇ ಕಲಿಯಬೇಕು. ಎಲ್ಲಕ್ಕಿಂತ ಅಪಾಯ ದನಿಯ ಒತ್ತು. ಒಂದೇ ಕಾಗುಣಿತ: 'ಪಿಸಾತ್' ಅಂದರೆ ಬರೆಯುವುದು, 'ಪೀಸತ್' ಅಂದರೆ ಉಚ್ಚೆ ಹೊಯ್ಯುವುದು. "ನಾನು ಮನೆಗೆ ಪತ್ರ ಬರೆಯಬೇಕು" ಅಂತ ಕ್ಲಾಸಿನಲ್ಲಿ ನಿಂತು ಹೇಳುವ ಮುಂಚೆ ಎರಡು ಸಲ ಯೋಚಿಸಿ. ವಿದೇಶಿಯರಿಗಾಗಿ ಬರೆದ ಪಠ್ಯದಲ್ಲಿ ಒತ್ತಿನ ಗುರುತು ಇರುತ್ತದೆ, ಪೇಪರು, ಕಾದಂಬರಿಗಳಲ್ಲಿ ಇರಲ್ಲ. ಹೊಸ ಪದ ಬರೆದುಕೊಂಡ ಕೂಡಲೇ ಗುರುತು ಹಾಕಿಟ್ಟುಕೊಳ್ಳದಿದ್ದರೆ ಆಮೇಲೆ ತಿದ್ದೋದು ಬಹಳ ಕಷ್ಟ.

"ಪುಸ್ತಕ, ಆ್ಯಪು ಎಲ್ಲಾ ಇಂಗ್ಲಿಷಿನಲ್ಲೇ ತಾನೆ ಇರೋದು?" ಅಂತ ಕೇಳ್ತೀರಿ, ಗೊತ್ತು. ಇರಲಿ, ಅರ್ಥ ನೋಡಿಕೊಳ್ಳಲು ಬಳಸಿ, ಯಾರು ಬೇಡ ಅಂದರು? ಆದರೆ ಪದ್‌ಫಾಕ್‌ನಲ್ಲಿ, ಅಂದರೆ ಪದವಿಗೆ ಮುಂಚಿನ ಒಂದು ವರ್ಷದ ತಯಾರಿ ತರಗತಿಯಲ್ಲಿ, ಪಕ್ಕದಲ್ಲಿ ಚೀನಾದವನು, ಹಿಂದೆ ವಿಯೆಟ್ನಾಮಿನವಳು, ಮುಂದೆ ಆಫ್ರಿಕಾದವರು. ಟೀಚರು ಮೊದಲ ವಾರದಿಂದಲೇ ಚಿತ್ರ ತೋರಿಸಿ ರಷ್ಯನ್ನಿನಲ್ಲೇ ರಷ್ಯನ್ ಕಲಿಸುತ್ತಾರೆ. ವರ್ಷದ ಕೊನೆಗೆ ಮುಟ್ಟಬೇಕಾದದ್ದು ಬಿ1 ಮಟ್ಟ, ಅಂದರೆ ಭಾಷಾ ಕಲಿಕೆಯ ಮಧ್ಯಮ ಹಂತ. ಸುಮಾರು 2300 ಪದ, ಐದು ಭಾಗದ ಪರೀಕ್ಷೆ: ವ್ಯಾಕರಣ, ಓದು, ಬರಹ, ಕೇಳುವುದು, ಮಾತು. ಇದರಲ್ಲಿ ಇಂಗ್ಲಿಷಿಗೆ ಅಂಕ ಎಲ್ಲಿದೆ, ತೋರಿಸಿ!

ನನ್ನ ನಿಜವಾದ ಹೊಟ್ಟೆಯುರಿ ಬೇರೆ. ಆ ಸಂಸ್ಕೃತಿ ಕೂಡ ಇಂಗ್ಲಿಷಿಗಿಂತ ನಮಗೆ ಹತ್ತಿರ, ಅದನ್ನು ಯಾರೂ ಹೇಳಲ್ಲ. ಅಲ್ಲೂ 'ನೀನು', 'ನೀವು' ಇದೆ: 'ತಿ', 'ವಿ'. ಟೀಚರಿಗೆ 'ವಿ' ಅನ್ನಬೇಕು, ಹೆಸರಿನ ಜೊತೆ ಅವರ ತಂದೆಯ ಹೆಸರೂ ಸೇರಬೇಕು. ಆನ್ನಾಳ ತಂದೆ ಇವಾನ್ ಆದರೆ 'ಆನ್ನ ಇವಾನವ್ನ'. ಬರೀ 'ಮೇಡಂ' ನಡೆಯಲ್ಲ. ಹೊಸ್ತಿಲ ಆಚೆ ಈಚೆ ನಿಂತು ಕೈಕುಲುಕಿದರೆ ಹಾಸ್ಟೆಲಿನ ರಷ್ಯನ್ ಹುಡುಗರು ಹೌಹಾರುತ್ತಾರೆ. ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡಬೇಡ ಅಂತ ಬೈಸಿಕೊಂಡು ಬೆಳೆದವರಿಗೆ ಇದು ಹೊಸದಾ? ದೂರ ಹೊರಡುವ ಮುನ್ನ ಒಂದು ನಿಮಿಷ ಸುಮ್ಮನೆ ಕೂರುತ್ತಾರೆ. ಮರೆತ ವಸ್ತುವಿಗೆ ಅರ್ಧದಾರಿಯಿಂದ ವಾಪಸು ಬಂದರೆ ಅಪಶಕುನ, ಕನ್ನಡಿ ನೋಡಿಕೊಂಡು ಹೋಗಬೇಕು. ಹೂವು ಕೊಡುವಾಗ ಬೆಸ ಸಂಖ್ಯೆ, ಸಮಸಂಖ್ಯೆ ಸಾವಿಗೆ.

ಪದವಿ ತರಗತಿಯ ಪರೀಕ್ಷೆ ಮಾತ್ರ ನಮ್ಮದರ ಹಾಗಲ್ಲ, ಅದಕ್ಕೆ ಈಗಲೇ ಎದೆ ಗಟ್ಟಿ ಮಾಡಿಕೊಳ್ಳಬೇಕು. ಮೇಜಿನ ಮೇಲೆ ಚೀಟಿಗಳನ್ನು ಬೋರಲಾಗಿ ಹರಡಿರುತ್ತಾರೆ, ಅದಕ್ಕೆ 'ಬಿಲ್ಯೆತ್' ಅಂತ ಹೆಸರು. ಒಂದು ಎತ್ತಬೇಕು, ಅದರಲ್ಲಿರುವ ಎರಡೋ ಮೂರೋ ಪ್ರಶ್ನೆಗೆ ಸ್ವಲ್ಪ ಹೊತ್ತು ಟಿಪ್ಪಣಿ ಮಾಡಿಕೊಂಡು, ಎದುರು ಕೂತು ಬಾಯಲ್ಲಿ ಉತ್ತರ ಹೇಳಬೇಕು. ಐದು ಅಂಕ ಬಂದರೆ ಅತ್ಯುತ್ತಮ, ಎರಡು ಬಂದರೆ ಫೇಲು. ಇಲ್ಲಿ ಉರು ಹೊಡೆದವರು ಸಿಕ್ಕಿಬೀಳುವುದು ಕ್ರಿಯಾಪದದಲ್ಲಿ. ಪುಸ್ತಕ "ಪ್ರಚಿತಾಲ?" ಅಂದರೆ 'ಓದಿ ಮುಗಿಸಿದೆಯಾ?' ಅದಕ್ಕೆ "ಚಿತಾಲ" ಅಂದರೆ 'ಓದ್ತಾ ಇದ್ದೆ' ಅಂದಹಾಗೆ. ಮುಗಿಸಿಲ್ಲ ಅಂತ ಬಾಯಾರೆ ಒಪ್ಪಿಕೊಂಡಂತೆ ಆಯಿತು.

ಪುಟ್ಟೀ, ಇದು ನಿನಗೆ ತಲುಪಿದರೆ ಒಂದು ಮಾತು. ಅಟ್ಟದ ಮೇಲೆ ಹೈಸ್ಕೂಲಿನ ಕನ್ನಡ ವ್ಯಾಕರಣದ ಪುಸ್ತಕ ಇದ್ದರೆ ಇಳಿಸಿ ಸೂಟ್‌ಕೇಸಿಗೆ ಹಾಕಿಕೋ. ಜಾಗ ಸಾಲದಿದ್ದರೆ ಉಪ್ಪಿನಕಾಯಿ ಒಂದು ಡಬ್ಬಿ ಕಡಿಮೆ ಮಾಡು.