ನಾಯಿ ಕಟ್ಟಿದ್ದೀರಾ?

ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆಗೆ ಯಾರೇ ಬರಲಿ, ಗೇಟಿನ ಹೊರಗೇ ನಿಂತು ಕೊಡೆ ಅಡ್ಡ ಹಿಡಿದು ಮೊದಲು ಕೂಗುವ ಮಾತು ಇದೇ. ಒಳಗಿಂದ ಅಮ್ಮ "ಅದು ಎಂತ ಮಾಡುದಿಲ್ಲ, ಬನ್ನಿ ಬನ್ನಿ" ಅನ್ನುತ್ತಾರೆ. ಅಷ್ಟರಲ್ಲಿ ಅದು ಬಂದವರ ಪಂಚೆಯ ಅಂಚು ಹಿಡಿದು ಎಳೆಯುತ್ತಿರುತ್ತದೆ.

ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಲ್ಲಿ ನಾಯಿ ಸಾಕಿದರೆ ವರ್ಷಕ್ಕೆ 100 ಯೂರೋ ತೆರಿಗೆ ಕಟ್ಟಬೇಕು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡುವ ಹಾಗಿಲ್ಲ, ಅದು ಕಾನೂನು. ನಮ್ಮಲ್ಲಿ ಕಣ್ಣು ಸರಿಯಾಗಿ ಬಿಡುವ ಮೊದಲೇ ಗೋಣಿಯಲ್ಲಿ ಸುತ್ತಿ ತರುವವರಿದ್ದಾರೆ. ಇರಲಿ. ಈ ಸಲ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಊರಿಗೆ ಬಂದಾಗ ಮನೆಯಲ್ಲಿ ಮೂರು ತಿಂಗಳ ಮರಿ ಇತ್ತು. ಹೆಸರು ಬೊಳ್ಳು. ಅಲ್ಲಿ ನನ್ನ ನಾಯಿಗೆ ಕಲಿಸಿದ್ದನ್ನೆಲ್ಲ ಇವನಿಗೂ ಕಲಿಸಿಬಿಡುತ್ತೇನೆ ಅಂತ ಹೊರಟೆ.

ಅಲ್ಲಿ ಪಾಠ ಶುರುವಾಗುವುದು ಬಂದವರಿಂದ. ಬಾಗಿಲು ತೆಗೆಯುವ ಮೊದಲೇ ಹೇಳಿಬಿಡುತ್ತೇವೆ: ಮರಿಯನ್ನು ನೋಡಬೇಡಿ, ಮಾತಾಡಿಸಬೇಡಿ, ಹಾರಿದರೆ ಬೆನ್ನು ತಿರುಗಿಸಿ. ಹಾರುವ ಮರಿಯನ್ನು ಕೈಯಲ್ಲಿ ದೂಡಿದರೂ, ಬೈದರೂ ಅದಕ್ಕೆ ಆಟವೇ, ಯಾರೋ ತನ್ನನ್ನು ಗಮನಿಸಿದರಲ್ಲ! ನಾಲ್ಕೂ ಕಾಲು ನೆಲದಲ್ಲಿದ್ದ ಕ್ಷಣ ತಿನ್ನಲು ಒಂದು ಚೂರು. ಅದಕ್ಕೇ ಬಾಗಿಲ ಪಕ್ಕ ಒಂದು ಡಬ್ಬಿ ಇಟ್ಟಿರುತ್ತೇವೆ. ಬೆಲ್ಟು ಹಾಕುತ್ತೇವೆ, ಆದರೆ ಅದರ ತುದಿ ನಮ್ಮ ಕೈಯಲ್ಲೇ ಇರುತ್ತದೆ, ಕಂಬದಲ್ಲಲ್ಲ.

ನನ್ನ ದೊಡ್ಡ ತಕರಾರು ಇರುವುದು ಈ ಕಂಬದ ಮೇಲೆ. ಊರಲ್ಲಿ ಜನ ಬಂದ ಕೂಡಲೇ ಮರಿಯನ್ನು ಎಳೆದುಕೊಂಡು ಹೋಗಿ ಜಗಲಿಯ ಕಂಬಕ್ಕೆ ಕಟ್ಟುತ್ತೇವೆ. ಮರಿಯ ಲೆಕ್ಕದಲ್ಲಿ ನೆಂಟರು ಬಂದರೆ ತನಗೆ ಸರಪಳಿ. ಬೊಗಳದೆ ಇನ್ನೇನು ಮಾಡಬೇಕು ಅದು? ವರ್ಷ ತುಂಬುವಾಗ "ನಮ್ಮ ನಾಯಿ ಭಾರೀ ಜೋರು" ಅಂತ ಹೆಮ್ಮೆ ಬೇರೆ.

ಆದರೆ ನನ್ನ ಮ್ಯೂನಿಕ್ ಪಾಠ ಮೊದಲ ದಿನವೇ ತೋಪೆದ್ದುಹೋಯಿತು. ನಮ್ಮಲ್ಲಿ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಮೊದಲೇ "ಮರಿಯ ಕಡೆ ನೋಡಬೇಡಿ" ಅನ್ನುವುದು ಹೇಗೆ ಮಾರಾಯ್ರೇ? ಒಬ್ಬರು "ಅಯ್ಯೋ, ಚಂದ ಉಂಟಲ್ಲ" ಅಂತ ಎತ್ತಿಕೊಂಡರು, ಇನ್ನೊಬ್ಬರು ಹಚಾ ಅಂತ ಕೊಡೆ ಬೀಸಿದರು, ಚಿಕ್ಕಮ್ಮ ಚಾದ ತಟ್ಟೆಯಿಂದಲೇ ಬಿಸ್ಕತ್ತು ಹಾಕಿದರು. ಮನೆಯವರದ್ದೂ ಅದೇ ಕಥೆ. ಅಮ್ಮ ತುಳುವಿನಲ್ಲಿ "ಕುಲ್ಲು" ಅನ್ನುತ್ತಾರೆ, ತಮ್ಮನ ಮಗ "ಸಿಟ್", ನಾನು "ಕೂತ್ಕೋ". ಪಾಪ, ಬೊಳ್ಳು ಯಾರ ಮಾತು ಕೇಳಬೇಕು? ಕೊನೆಗೆ ಎಲ್ಲರೂ "ಕುಲ್ಲು" ಅನ್ನುವುದು ಅಂತ ತೀರ್ಮಾನವಾಯಿತು. ಡಬ್ಬಿಗೆ ಮುಳ್ಳು ತೆಗೆದ ಬೇಯಿಸಿದ ಬಂಗುಡೆ ಚೂರು. ಅದರ ಮುಂದೆ ಜರ್ಮನಿಯ ಯಾವ ಪ್ಯಾಕೆಟ್ಟೂ ಇಲ್ಲ.

ಕೊಡೆ ಬೀಸಿದವರನ್ನು ನಾನು ದೂರುವುದಿಲ್ಲ. ಬಾವಲಿಗಳಲ್ಲಿ ಬರುವುದನ್ನು ಬಿಟ್ಟರೆ ಜರ್ಮನಿ 2008ರಿಂದ ರೇಬೀಸ್ ಮುಕ್ತ, ಅಲ್ಲಿಯವರು ನಾಯಿಮರಿ ಕೈ ಕಚ್ಚಿದರೆ ನಗುತ್ತಾರೆ. ಇಲ್ಲಿ ಹಲ್ಲು ತಾಗಿದರೆ ಆಸ್ಪತ್ರೆಗೆ ಓಡಬೇಕು, ಓಡಲೇಬೇಕು. ಮರಿಗೆ ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು ಹಾಕಿಸದೆ "ಎಂತ ಮಾಡುದಿಲ್ಲ" ಅನ್ನುವುದು ಬಂದವರಿಗೆ ಮಾಡುವ ಮೋಸ ಅಂತಲೇ ನನ್ನ ಅನಿಸಿಕೆ.

ಒಂದು ವಿಷಯದಲ್ಲಿ ಮಾತ್ರ ನಮ್ಮೂರೇ ಮೇಲು. ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿ ಏನೇನು ನೋಡುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಅಲ್ಲಿ ನಾಲ್ಕು ಜನರನ್ನು ತೋರಿಸಲು ದುಡ್ಡು ಕೊಟ್ಟು ನಾಯಿ ಶಾಲೆಗೆ ಕರೆದುಕೊಂಡು ಹೋಗಿದ್ದೆ. ಇಲ್ಲಿ ಬೆಳಗ್ಗೆ ಹಾರ್ನ್ ಹೊಡೆಯುವ ಮೀನಿನವನು, ರೈನ್‌ಕೋಟಿನ ಪೋಸ್ಟ್‌ಮ್ಯಾನ್, ಸಂಜೆ ಚೆಂಡೆ ಹಿಡಿದು ಮನೆಮನೆಗೆ ಬಂದು ಯಕ್ಷಗಾನ ಆಡುವ ಚಿಕ್ಕಮೇಳ. ಎಲ್ಲ ಪುಕ್ಕಟೆ.

ನಾನು ಹೊರಡುವ ಹಿಂದಿನ ದಿನ ಆಟಿ ಕಳೆಂಜ ಬಂದ, ಆಟಿಯಲ್ಲಿ ಮನೆಮನೆಗೆ ಬರುವ ವೇಷ. ತೆಂಗಿನ ಎಳೆ ಗರಿಯ ಉಡುಪು, ಕೈಯಲ್ಲಿ ಓಲೆಕೊಡೆ, ಜೊತೆಗೆ ತೆಂಬರೆ ಎಂಬ ಚರ್ಮವಾದ್ಯದ ಸದ್ದು. ಬೊಳ್ಳು ಮೊದಲು ನನ್ನ ಕಾಲ ಹಿಂದೆ ಸರಿದ. ನಾನು ಎಳೆಯಲಿಲ್ಲ, ಮುಂದೆ ದೂಡಲೂ ಇಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ಮುಂದೆ ಬಂದು ಮೂಸಿದ, ಅಮ್ಮ "ಕುಲ್ಲು" ಅಂದರು, ಕೂತ.

ಮೊನ್ನೆ ಫೋನಿನಲ್ಲಿ ಕೇಳಿದೆ, ಈಗ ಹೇಗಿದ್ದಾನೆ ಅಂತ. "ಅವನು ಕೂತ್ಕೊಳ್ತಾನೆ ಮಗಾ, ಬಂದವರೇ ಗೇಟಿನ ಹತ್ತಿರ ನಿಂತಿರ್ತಾರೆ" ಅಂದರು ಅಮ್ಮ.